ಸೋಲದ ಪೈಲ್ವಾನನೂ ಮುಳುಗುವ ಸೂರ್ಯನೂ

ಹೊಸದಾಗಿ ವರದಿಗಾರಿಕೆಗೆ ಸೇರಿದ ಹುಡುಗರು ಆಗಾಗ ಮನೆಗೆ ಬಂದು, "ಸರ್, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಹೇಳತೊಡಗಿದರೆ ಮೊಬೈಲ್ ನೋಡುತ್ತಾರೆ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ. ಓದುವಾಗ ಅವರು ಏನು ನೋಡಿದರೂ ನನ್ನ ಕಣ್ಣಿಗೆ ಬೀಳುವುದಿಲ್ಲ. ನಾನು ಯಾವಾಗ ಉಪಸಂಪಾದಕನಾದೆ, ಯಾವಾಗ ಮುಖ್ಯ ವರದಿಗಾರನಾದೆ ಎಂಬ ಪುರಾಣ ಇಲ್ಲಿಲ್ಲ. ನಿವೃತ್ತಿಯ ದಿನ ಸನ್ಮಾನಪತ್ರದಲ್ಲಿ ಅದನ್ನೆಲ್ಲ ಓದಿದಾಗ ಮೊದಲು ಆಕಳಿಸಿದವನು ನಾನೇ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದಲ್ಲಿ, ವಿಜಾಪುರದ ಒಂದು ದಿನಪತ್ರಿಕೆಗೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಢಾಲೊಂದೇ ನನ್ನ ಆಸ್ತಿ. ಸಂಪಾದಕ ದೇಸಾಯರು ಆ ಢಾಲನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲೆ ಬೋರಲು ಹಾಕಿದರು.

"ಯಾವ ಕಡಿ ಮಾತಾಡಿದ್ದೆಪಾ?"

"ಮೊದಲನೇ ಸುತ್ತಿನ್ಯಾಗ ಪರ, ಎರಡನೇದ್ರಾಗ ವಿರೋಧ್ರಿ."

"ಎರಡರಾಗ ನಿನಗ ಯಾವದು ಖರೆ ಅನಿಸ್ತು?"

"ಗೆದ್ದದ್ದು ಖರೆ ಅನಿಸ್ತ್ರಿ."

ದೇಸಾಯರು ಕನ್ನಡಕ ತೆಗೆದು ಒರೆಸಿದರು. "ನೀ ಕೋರ್ಟಿಗೆ ಹೋಗಬೇಕಾಗಿತ್ತು. ಅಲ್ಲಿ ಭಾಳ ಗದ್ದಲ ಐತಿ ಅಂತ ಕಾಣಸ್ತೈತಿ. ನಾಳಿಂದ ಬಾ."

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಜೊತೆಗೆ ಕುಸ್ತಿಯೂ ಬಂತು. ಕುಸ್ತಿ ಬಿಸಿಲಲ್ಲಿ ನಡೆಯುತ್ತದೆ, ಕಚೇರಿಯಲ್ಲಿದ್ದ ಹಿರಿಯರು ನೆರಳಿನ ಜನ. ನನಗೆ ಕುಸ್ತಿಯ ಗಂಧಗಾಳಿ ಇರಲಿಲ್ಲ. ಹಾಗೆಂದಾಗ ದೇಸಾಯರು, "ಗೊತ್ತಿಲ್ಲದ್ದರ ಮ್ಯಾಲೆ ಮಾತಾಡಿನ ಅಲ್ಲೇನು ಢಾಲು ಗೆದ್ದದ್ದು?" ಎಂದರು.

ಆಗಿನ ಕೆಲಸದ ರೀತಿ ಹೇಳಬೇಕು, ಯಾಕೆಂದರೆ ಈ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ನಮಗೆ ಫೋನು ದೂರದ ಮಾತು. ತಾಲ್ಲೂಕಿನಲ್ಲಿ ಸುದ್ದಿ ಬರೆದು, ಕವರಿಗೆ ಹಾಕಿ, ವಿಜಾಪುರಕ್ಕೆ ಹೋಗುವ ಸಂಜೆಯ ಕಡೇ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ವಿಜಾಪುರದ ಸ್ಟ್ಯಾಂಡಿನಲ್ಲಿ ನಮ್ಮ ಕಚೇರಿಯ ಸಿಪಾಯಿ ಅದನ್ನು ಇಸಿದುಕೊಳ್ಳುತ್ತಾನೆ. ಬಸ್ಸು ತಪ್ಪಿದರೆ ಸುದ್ದಿ ಸತ್ತಿತು. ದೇಶದ ಪತ್ರಿಕೆಗಳೆಲ್ಲ ಗಡಿಯಾರ ನೋಡಿ ನಡೆಯುತ್ತಿದ್ದವು. ನಮ್ಮದು ಹಾರನ್ ಕೇಳಿ ನಡೆಯುತ್ತಿತ್ತು.

ಸಿಂದಗಿಯಿಂದ ಕಳಿಸಿದ ಮೊದಲ ಕುಸ್ತಿ ವರದಿಯಲ್ಲಿ ಮೈದಾನ, ಜನ, ಹಲಗಿವಾದ್ಯದ ಸದ್ದು, ಪೈಲ್ವಾನರ ತೊಡೆ, ಎಲ್ಲವನ್ನೂ ವರ್ಣಿಸಿದ್ದೆ. ಮರುದಿನ ದೇಸಾಯರು ಕರೆಸಿದರು.

"ಭಾಳ ಚಲೋ ಬರದಿ. ತೊಡಿ ಬಗ್ಗೆನ ಅರ್ಧ ಕಾಲಮ್ ಐತಿ. ಗೆದ್ದಾವ ಯಾರು?"

ಅದನ್ನು ಬರೆಯುವುದೇ ಮರೆತಿತ್ತು.

ಇನ್ನೊಮ್ಮೆ ಅದೇ ಸಿಂದಗಿಯಲ್ಲಿ ಕಂಡಕ್ಟರ್ ನನ್ನ ಕವರನ್ನೂ ಯಾರದೋ ಮದುವೆ ಮಾತುಕತೆಯ ಕವರನ್ನೂ ಅದಲುಬದಲು ಮಾಡಿದ. ದೇಸಾಯರ ಮೇಜಿಗೆ ಕನ್ಯೆಯ ಜಾತಕ ಬಂತು. "ಗುಣ ಎಲ್ಲಾ ಕೂಡಿ ಬಂದಾವಪಾ. ಆದರ ಈ ಸಲನೂ ಗೆದ್ದಾವ ಯಾರಂತ ಬರದಿಲ್ಲ" ಎಂದರು. ಆ ಕಡೆ ಬೀಗರಿಗೆ ನನ್ನ ಕುಸ್ತಿ ವರದಿ ಮುಟ್ಟಿತ್ತು. ಮದುವೆ ಆಯಿತಂತೆ. ಹೇಗೆ ನಡೆಯಿತೋ ಗೊತ್ತಿಲ್ಲ.

ಇನ್ನು ಮೂಲ ಜಗಳಕ್ಕೆ ಬರುತ್ತೇನೆ. ಅದು ಹುಟ್ಟಿದ್ದು ಇಂಡಿಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ.

ಆ ದಿನ ನಮ್ಮ ಪತ್ರಿಕೆಯಲ್ಲಿ ಪರದೇಶದ ಹೆವಿವೇಟ್ ಬಾಕ್ಸಿಂಗ್ ಸುದ್ದಿಯೊಂದು ಬಂದಿತ್ತು. ಹಳೆಯ ಚಾಂಪಿಯನ್ನನನ್ನು ಹೊಸಬ ಬೀಳಿಸಿದ್ದ. ಹಾಗಾದರೆ ಸಾರ್ವಕಾಲಿಕ ಶ್ರೇಷ್ಠ ಯಾರು ಎಂದು ಕೊನೆಯಲ್ಲಿ ಒಂದು ಪ್ರಶ್ನೆ. ಒಬ್ಬ ದಲಾಲ ಅದನ್ನು ಗಟ್ಟಿಯಾಗಿ ಓದಿ ಮುಗಿಸಿ ತೀರ್ಪನ್ನೂ ಕೊಟ್ಟುಬಿಟ್ಟ.

"ಸೋಲಲಾರದಾವ ದೊಡ್ಡಾವ. ಇದರಾಗ ಕೇಳೂದೇನೈತಿ?"

ಹೋಟೆಲ್ ಮಾಲಕ ಚಹಾ ಸೋಸುತ್ತಲೇ ಹೇಳಿದ: "ಹಂಗಂದ್ರ ನಾನೂ ದೊಡ್ಡಾವ. ಒಮ್ಮಿನೂ ಕಣಕ್ಕ ಇಳದಿಲ್ಲ, ಒಮ್ಮಿನೂ ಸೋತಿಲ್ಲ."

ನನಗೆ ಇಷ್ಟು ಸಾಕಾಗಿತ್ತು. ಬೆಂಚಿನ ಮೇಲೆ ಕೂತೇ ವಾದ ಮಂಡಿಸಿದೆ. ಸೋತಿಲ್ಲ ಎಂಬುದು ಅರ್ಧ ಮಾತು. ಯಾರ ಎದುರಿಗೆ ಸೋಲಲಿಲ್ಲ? ತನ್ನ ಕಾಲದ ಗಟ್ಟಿಗರನ್ನೆಲ್ಲ ಹುಡುಕಿಕೊಂಡು ಹೋಗಿ ಆಡಿದನೋ, ಇಲ್ಲಾ ಹಣ್ಣಾದವರನ್ನು ಆರಿಸಿ ಕೆಡವಿದನೋ? ಬಿದ್ದು, ಎದ್ದು, ಬೀಳಿಸಿದವನನ್ನೇ ತಿರುಗಿ ಬೀಳಿಸಿದವನು ಎಂದೂ ಬೀಳದವನಿಗಿಂತ ಯಾಕೆ ಕಡಿಮೆ? ಬೀಳದವನಿಗೆ ಏಳಲು ಬರುತ್ತದೆ ಎಂಬುದಕ್ಕೆ ಸಾಕ್ಷಿ ಏನು?

ದಲಾಲನಿಗೆ ಪರದೇಶದ ಬಾಕ್ಸರ್‌ಗಳ ಮೇಲೆ ಅಷ್ಟೇನೂ ಮಮತೆ ಇರಲಿಲ್ಲ. ಆತ ಬಾಗೇವಾಡಿ ಕಡೆಯವನು. ಸೀದಾ ತನ್ನ ಮಣ್ಣಿಗೆ ಇಳಿದ.

"ಆ ಗುದ್ದ್ಯಾಟ ಬಿಡ್ರಿ. ನಮ್ಮ ಗೊಳಸಂಗಿ ಭೀಮಶಿ ಪೈಲ್ವಾನರ ಬೆನ್ನಿಗೆ ಇಡೀ ಆಯುಷ್ಯದಾಗ ಮಣ್ಣ ಹತ್ತಿಲ್ಲ. ಅದಕ್ಕೇನಂತೀರಿ?"

"ಹತ್ತತಿತ್ತು," ಎಂದ ಹೋಟೆಲ್ ಮಾಲಕ. "ನಮ್ಮ ಝಳಕಿ ಸಿದರಾಯಾ ಹಚ್ಚತಿದ್ದ. ಹೊತ್ತು ಮುಳುಗಿ ಭೀಮಶ್ಯಾ ಉಳದ."

"ಏ, ಚಾ ಸೋಸೋ ನೀ!"

ಹೊತ್ತು ಮುಳುಗಿ ಉಳಿದದ್ದು ಹೇಗೆ? ಈ ಪ್ರಶ್ನೆ ಹಿಡಿದು ನಾನು ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿ ಮಡಿವಾಳಪ್ಪ ಎಂಬ ಹಳೆಯ ಪಂಚರಿದ್ದರು. ನಾಲ್ಕೂ ತಾಲ್ಲೂಕಿನಲ್ಲಿ ಕುಸ್ತಿಗೆ ಸರಿಸಮರ ಜೋಡಿ ಹಚ್ಚುವುದು, ತೀರ್ಪು ಹೇಳುವುದು ಅವರೇ. ಉಳಿದಂತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಒದರಿ ಒದರಿ, ಸದ್ದಿಲ್ಲದ ಕಡೆಯೂ ಒದರುವುದೇ ಅವರಿಗೆ ರೂಢಿಯಾಗಿತ್ತು.

ಅವರು ವಿವರಿಸಿದ ಪದ್ಧತಿ ಇಷ್ಟು. ಮಧ್ಯಾಹ್ನ ಸಣ್ಣ ಹುಡುಗರ ಕುಸ್ತಿಯಿಂದ ಶುರು. ಹೊತ್ತು ಇಳಿದಂತೆ ದೊಡ್ಡ ಜೋಡಿಗಳು. ಎಲ್ಲಕ್ಕಿಂತ ದೊಡ್ಡ ಜೋಡಿ ಎಲ್ಲಕ್ಕಿಂತ ಕೊನೆಗೆ. ಮೈದಾನದಲ್ಲಿ ದೀಪವಿಲ್ಲ. ಸೂರ್ಯ ಮುಳುಗಿದರೆ ಪಂಚರು ಇಬ್ಬರನ್ನೂ ಬಿಡಿಸಿ "ಬರೋಬರಿ" ಎನ್ನಬೇಕು. ಇಬ್ಬರೂ ಸಮ, ಯಾರಿಗೂ ಸೋಲಿಲ್ಲ. ಭೀಮಶಿ ಮತ್ತು ಸಿದರಾಯ ಹರೆಯದಲ್ಲಿ ಎಷ್ಟೋ ಊರುಗಳ ಕಣದಲ್ಲಿ ಎದುರಾಗಿದ್ದರು. ಪ್ರತಿ ಸಲವೂ ಬರೋಬರಿ.

"ಭೀಮಶಿ ಹೊತ್ತು ಮುಳುಗೂ ಹಾದಿ ಕಾಯ್ತಿದ್ದರೇನ್ರಿ?" ನಾನು ಕೇಳಿದೆ.

"ಆಂ?"

"ಹೊತ್ತು! ಸೂರ್ಯನ್ನ ನೋಡತಿದ್ದರೇನ್ರಿ?"

"ನನ್ನ ಕಣ್ಣ ಅವರ ಬೆನ್ನಿನ ಮ್ಯಾಲ ಇರತಿತ್ತೋ ತಮ್ಮಾ! ಮಾರಿ ಯಾರು ನೋಡ್ತಾರ? ನೋಡಿದ್ರೂ ನೋಡಿರಬೇಕು!"

ಚರ್ಚಾಸ್ಪರ್ಧೆಯಲ್ಲಿ ಪಳಗಿದವನಿಗೆ 'ನೋಡಿದ್ರೂ ನೋಡಿರಬೇಕು' ಎಂದರೆ 'ನೋಡಿದ' ಎಂದೇ ಅರ್ಥ. ಅದೇ ವಾರ ಬರೆದೆ. ಶೀರ್ಷಿಕೆ: 'ಗೊಳಸಂಗಿ ಪೈಲ್ವಾನರ ವಸ್ತಾದ ಸೂರ್ಯ'. ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಭೀಮಶಿಯವರು ಸೋಲಲಿಲ್ಲ ನಿಜ, ಆದರೆ ಅವರನ್ನು ಪ್ರತಿ ಸಲವೂ ಉಳಿಸಿದವನು ಸೂರ್ಯನಾರಾಯಣ; ಆದ್ದರಿಂದ ಸನ್ಮಾನ ಮಾಡುವುದಿದ್ದರೆ ಅವನಿಗೇ ಶಾಲು ಹೊದಿಸಬೇಕು, ಎಂದು ಮುಗಿಸಿದ್ದೆ.

ಬಾಗೇವಾಡಿಯಲ್ಲಿ ಆಗ ಹೊಸ ತಾಲೀಮು ಕಟ್ಟಿದ್ದರು. ನಮ್ಮ ಕಡೆ ಗರಡಿಮನೆಗೆ ಹಾಗೆನ್ನುತ್ತಾರೆ. ಅದರ ಬಾಗಿಲ ಮೇಲಿನ ಕಲ್ಲಿನಲ್ಲಿ 'ಸರ್ವಕಾಲದ ಶ್ರೇಷ್ಠ ಪೈಲ್ವಾನ' ಎಂದು ಭೀಮಶಿಯವರ ಹೆಸರು ಕೆತ್ತಿಸುವುದೆಂದು ಕಮಿಟಿ ತೀರ್ಮಾನಿಸಿತ್ತು. ಕಲ್ಲುಕುಟಿಗ ಉಳಿ ಹಿಡಿದು ಕೂತಾಗ ನನ್ನ ಲೇಖನ ಬಂತು. ಕಮಿಟಿಯ ಅಧ್ಯಕ್ಷರು ವಕೀಲ ಪಾಟೀಲರು. ದೇಹವೂ ದನಿಯೂ ಒಂದೇ ಅಳತೆಯವು. ಒಂದು ಜೀಪಿನ ತುಂಬ ಜನ ಕರೆದುಕೊಂಡು ನಮ್ಮ ಕಚೇರಿಗೇ ಬಂದರು.

ಅವರು ಹೋದಮೇಲೆ ದೇಸಾಯರು ನನ್ನನ್ನು ಕರೆದರು. ದನಿ ಎತ್ತರಿಸಲಿಲ್ಲ. ಅವರು ದನಿ ಎತ್ತರಿಸದಿದ್ದರೆ ಹೆದರಬೇಕು.

"ಬರೂ ಐತವಾರ ಬಾಗೇವಾಡಿ ಮೈದಾನದಾಗ ಸಭಾ ಇಟ್ಟಾರ. ಪಾಟೀಲರು ಒಂದು ಕಡಿ, ನೀ ಒಂದು ಕಡಿ. ಪಂಚರು ತೀರ್ಪು ಹೇಳ್ತಾರ. ನಿನ್ನ ಮಾತು ನಿಂತರ ನಿನ್ನ ನೌಕರಿ ಪಕ್ಕಾ. ಬಿದ್ದರ ಮೊದಲನೇ ಪುಟದಾಗ ಮಾಫಿ ಹಾಕ್ತೇನಿ, ಅದರ ಕೆಳಗ ನಿನ್ನ ಜಾಗಾಕ್ಕ ಮನಶ್ಯಾ ಬೇಕಾಗ್ಯಾನ ಅಂತ ಜಾಹೀರಾತು."

ನನ್ನ ಕಡೆಗೆ ಸಾಕ್ಷಿ ಬೇಕಿತ್ತು. ಝಳಕಿಗೆ ಹೋಗಿ ಸಿದರಾಯ ಪೈಲ್ವಾನರನ್ನು ಹಿಡಿದೆ. ಐವತ್ತು ದಾಟಿದ ಮನುಷ್ಯ, ಕುರಿ ಹಿಂಡಿನ ಮನೆತನ. ಮನೆ ಮುಂದೆ ಎಮ್ಮೆ ಮೈ ತಿಕ್ಕುತ್ತಿದ್ದರು. ಎಮ್ಮೆಯ ಕುತ್ತಿಗೆಗೂ ಅವರ ಕುತ್ತಿಗೆಗೂ ಬಣ್ಣದಲ್ಲಷ್ಟೇ ವ್ಯತ್ಯಾಸ.

"ನಾ ಬಂದು ಏನ ಹೇಳ್ಲಿ?"

"ಇನ್ನೊಂದೀಟು ಹೊತ್ತು ಇದ್ದಿದ್ದರ ಕೆಡವತಿದ್ದೆ ಅಂತ ಹೇಳ್ರಿ ಸಾಕು."

"ಅಷ್ಟs?" ಅವರು ಎಮ್ಮೆಯ ಬೆನ್ನು ತಟ್ಟಿದರು. "ಬರ್ತೇನಿ ಬಿಡು. ಆದರ ಸಂಜಿಕ್ಕ ಹೊಳ್ಳಿ ಬರಬೇಕು. ಇಕಿ ನನ್ನ ಕೈ ಬಿಟ್ಟು ಬ್ಯಾರೆ ಯಾರಿಗೂ ಹಿಂಡಗೊಡಂಗಿಲ್ಲ."

ಈ ಮಾತನ್ನು ನಾನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟೆ. ವಾದಕ್ಕೆ ಎಮ್ಮೆಯಿಂದ ಏನೂ ಉಪಯೋಗವಿರಲಿಲ್ಲ.

ಭಾನುವಾರ ಬಾಗೇವಾಡಿ ಮೈದಾನ ತುಂಬಿತ್ತು. ಕುಸ್ತಿಗೆ ಕೂಡುವಂತೆಯೇ ಜನ ಕೂಡಿದ್ದರು: ನಡುವೆ ಕೆಂಪು ಮಣ್ಣಿನ ಕಣ, ಸುತ್ತ ನೆಲದ ಮೇಲೆ ಮಂದಿ, ಹಲಗಿಯವರು ಸಜ್ಜಾಗಿ. ಮೈದಾನದ ಪಶ್ಚಿಮಕ್ಕೆ ಬಸ್ ಸ್ಟ್ಯಾಂಡು. ನನ್ನ ವರದಿ ಅಲ್ಲಿಂದಲೇ ಹೋಗಬೇಕಾಗಿದ್ದರಿಂದ ನಾನು ಆ ಕಡೆಗೇ ನಿಂತಿದ್ದೆ.

ತೊಡಕು ಮೊದಲೇ ಬಂತು. ಪಂಚ ಮಡಿವಾಳಪ್ಪನವರಿಗೆ ಜೋಡಿ ಹಚ್ಚದೆ ಏನನ್ನೂ ಶುರುಮಾಡಿ ಗೊತ್ತಿರಲಿಲ್ಲ. ವಕೀಲರನ್ನು ಮೇಲಿಂದ ಕೆಳಗೆ ನೋಡಿದರು. ಬಂದು ನನ್ನ ರಟ್ಟೆ ಹಿಸುಕಿದರು. ತಲೆ ಅಲ್ಲಾಡಿಸಿದರು.

"ಈ ಜೋಡಿ ಆಗಂಗಿಲ್ಲ!"

"ಕಾಕಾ, ನಾವು ಬರೇ ಮಾತಾಡಾವ್ರು," ಎಂದರು ವಕೀಲರು.

"ಮಾತಾದರೇನು? ನಿಮ್ಮ ಮಾತಿನ ಮುಂದ ಈ ಕಡ್ಡಿ ನಿಂದರತೈತೇನು? ನಾಳೆ ಮಂದಿ ಪಂಚರು ಅನ್ಯಾಯ ಮಾಡಿದ್ರು ಅಂತಾರ!"

ನಾನು ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದವನೆಂದು ಯಾರೋ ಕೂಗಿ ಹೇಳಿದಮೇಲೆ, "ಹಂಗಾರ ಇವಂದೂ ಒಂದು ತಾಲೀಮು ಆಗೇತಿ" ಎಂದು ಒಪ್ಪಿದರು. ನಾವಿಬ್ಬರೂ ಕಣದ ಮಣ್ಣು ಹಣೆಗೆ ಹಚ್ಚಿಕೊಳ್ಳಬೇಕಾಯಿತು.

ವಾದ ಚೆನ್ನಾಗಿ ನಡೆಯಿತು ಎಂದು ಹೇಳಲಾರೆ. ಯಾರ ಮಾತು ನಾಟಿತು ಅನಿಸಿದರೂ ಹಲಗಿಯವರು ಬಾರಿಸಿಬಿಡುತ್ತಿದ್ದರು. ಹಾಗಾಗಿ ಒಳ್ಳೆಯ ಮಾತುಗಳೆಲ್ಲ ಸದ್ದಿನಲ್ಲಿ ಮುಳುಗಿ, ಕೆಟ್ಟವಷ್ಟೇ ಕೇಳಿಸಿದವು. ವಕೀಲರು, "ಸೋಲದಿರೂದು ಶ್ರೇಷ್ಠತಾ ಅಲ್ಲಂದ್ರ ನಾಳೆ ಕಳ್ಳತನಾ ಮಾಡಲಾರದಾವಾ ಸಾಚಾ ಅಲ್ಲ ಅಂತಾನ ಈ ತಮ್ಮಾ" ಎಂದರು. ಹಲಗಿ. ನಾನು, "ಬಾಗಿಲಾ ಹಾಕ್ಕೊಂಡ ಮನ್ಯಾಗ ಕುಂತಾವನ್ನ ಯಾರೂ ಸಾಚಾ ಅನ್ನೂದಿಲ್ರಿ, ಬರೇ ಮನ್ಯಾಗ ಅದಾನ ಅಂತಾರ" ಎಂದೆ. ಹಲಗಿ. ಗೊಳಸಂಗಿಯವರೂ ನಕ್ಕರು.

ನಗದೆ ಇದ್ದವರು ಭೀಮಶಿ ಪೈಲ್ವಾನರೊಬ್ಬರೇ. ದೊಡ್ಡ ರುಮಾಲು, ತಿರುವಿದ ಮೀಸೆ. ಎದ್ದು ನಿಂತರು.

"ಏ ಪೇಪರ್! ನನ್ನ ವಸ್ತಾದ ಸೂರ್ಯ ಅಂದಿ. ನಿನ್ನ ವಸ್ತಾದ ಯಾರು, ಅಮಾಸಿ ಏನು?"

ಇದಕ್ಕೆ ಹಲಗಿ ಬಹಳ ಹೊತ್ತು ಬಾರಿಸಿತು. ನನ್ನ ನೌಕರಿ ಕಾಲಡಿಯಿಂದ ಜಾರುವುದು ಗೊತ್ತಾಗಿ, ನಾನು ಸಾಕ್ಷಿಯನ್ನು ಕರೆದೆ. ಸಿದರಾಯರು ಮೈಕಿನ ಮುಂದೆ ಬಂದು, ಅದನ್ನು ಒಮ್ಮೆ ಮೂಸಿ ನೋಡಿದಂತೆ ನೋಡಿ, ಪಕ್ಕಕ್ಕೆ ಸರಿಸಿದರು.

"ಹೇಳ್ರಿ," ಎಂದೆ. "ಇನ್ನೊಂದೀಟು ಹೊತ್ತು ಇದ್ದಿದ್ದರ?"

"ಅದೇನ ಬಾಯಿಲೆ ಹೇಳೂ ಮಾತೇನೋ?" ಎಂದವರೇ ಅಂಗಿ ಬಿಚ್ಚಿದರು. "ಭೀಮಶ್ಯಾ, ಬಾರೋ. ಈ ಹುಡುಗ್ರು ಭಾಳ ವಟಗುಡಾಕತ್ತಾರ."

"ನಿನ್ನ ಮೊಣಕಾಲ ನೆಟ್ಟಗ ಅದಾವೇನು?"

"ಅವನ್ನ ತಗೊಂಡು ಏನ ಮಾಡ್ತಿ, ಕೈ ಕೊಡು."

ಭೀಮಶಿ ರುಮಾಲನ್ನು ವಕೀಲರ ತಲೆಗಿಟ್ಟು ಕಣಕ್ಕಿಳಿದರು. ಇಬ್ಬರೂ ಧೋತರ ಕಚ್ಚೆ ಬಿಗಿದರು, ಒಬ್ಬರ ಮೇಲೊಬ್ಬರು ಮಣ್ಣು ತೂರಿದರು, ಕುತ್ತಿಗೆಗೆ ಕೈ ಹಾಕಿದರು. ಮಡಿವಾಳಪ್ಪನವರ ಮುಖ ಅರಳಿತು. ಇದೀಗ ಅವರಿಗೆ ತಿಳಿಯುವ ಸಭೆಯಾಗಿತ್ತು.

ಕುಸ್ತಿ ಸುಂದರವಾಗಿತ್ತು ಎಂದರೆ ಸುಳ್ಳು. ಬಿದ್ದುಬಿಡುತ್ತಾರೇನೋ ಎಂದು ಒಬ್ಬರನ್ನೊಬ್ಬರು ಆನಿಸಿಕೊಂಡಂತೆ ನಿಂತಿದ್ದರು. ಮೊಣಕಾಲು ಲಟಕ್ಕೆಂದದ್ದು ಹಲಗಿಯ ನಡುವೆಯೂ ಕೇಳಿಸಿತು. ಆದರೆ ನಾನು ಕುಸ್ತಿ ನೋಡುತ್ತಿರಲಿಲ್ಲ. ಅವರ ಮುಖ ನೋಡುತ್ತಿದ್ದೆ. ಸೂರ್ಯ ಬಸ್ ಸ್ಟ್ಯಾಂಡಿನ ತಗಡಿನ ಮೇಲೆ ಇಳಿದಿದ್ದ. ಭೀಮಶಿ ಒಮ್ಮೆ ಆ ಕಡೆ ಕಣ್ಣು ಹಾಯಿಸಿದರೆ ಸಾಕು, ಇಡೀ ಮೈದಾನಕ್ಕೆ ಬೆರಳು ತೋರಿಸಿ ಕೂಗಲು ನಾನು ಸಿದ್ಧನಿದ್ದೆ.

ಭೀಮಶಿ ನೋಡಲಿಲ್ಲ. ತಲೆಯನ್ನು ಎದುರಾಳಿಯ ಎದೆಗೆ ಊರಿ, ಎತ್ತು ನೇಗಿಲಿಗೆ ಬಿದ್ದಂತೆ ಬಿದ್ದಿದ್ದರು. ಕತ್ತು ಹೊರಳಿಸಿ ಪಶ್ಚಿಮಕ್ಕೆ ನೋಡಿದವರು ನನ್ನ ಸಿದರಾಯರು. ಮತ್ತೆ ನೋಡಿದರು. ಪಟ್ಟು ಬದಲಿಸುವಾಗ ಇನ್ನೊಮ್ಮೆ ನೋಡಿದರು. ಇನ್ನೊಂದೀಟು ಹೊತ್ತು ಸಿಕ್ಕಿದ್ದರೆ ಕೆಡವುತ್ತಿದ್ದ ಮನುಷ್ಯ ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದ!

"ಬರೋಬರಿ!" ಎಂದು ಮಡಿವಾಳಪ್ಪ ಒದರಿದರು. ಸೂರ್ಯ ಮುಳುಗಿದ್ದ. ಜನ ಇಬ್ಬರನ್ನೂ ಹೆಗಲ ಮೇಲೆ ಎತ್ತಿತು. ಅದೇ ಹೊತ್ತಿಗೆ ಬಸ್ಸಿನ ಹಾರನ್ ಕೇಳಿತು.

ನಾನು ಒಂದು ಮೊಣಕಾಲೂರಿ, ಇನ್ನೊಂದರ ಮೇಲೆ ಹಾಳೆ ಇಟ್ಟು ಬರೆದೆ. ನನ್ನ ಕಡೆ ತಿರುಚುವುದಕ್ಕೆ ಬೇಕಾದಷ್ಟು ದಾರಿಗಳಿದ್ದವು. ಅವೆಲ್ಲ ನನಗೆ ಬರುತ್ತಿದ್ದವು ಕೂಡ. ಆದರೆ ಬಸ್ಸು ನಿಲ್ಲುವುದಿಲ್ಲ. ತಿರುಚುವುದಕ್ಕೆ ಹೊತ್ತು ಬೇಕು, ಕಂಡದ್ದು ಬರೆಯಲು ಅಷ್ಟು ಬೇಡ. 'ಕುಸ್ತಿ ಬರೋಬರಿ. ಪಶ್ಚಿಮಕ್ಕೆ ನೋಡಿದವರು ಸಿದರಾಯ ಪೈಲ್ವಾನರು. ಭೀಮಶಿ ಪೈಲ್ವಾನರು ನೋಡಲಿಲ್ಲ. ಈ ವರದಿಗಾರನ ವಾದ ಬಿತ್ತು.' ಓಡಿಹೋಗಿ ಚಲಿಸುತ್ತಿದ್ದ ಬಸ್ಸಿನ ಕಂಡಕ್ಟರನ ಕೈಗೆ ಕವರು ತುರುಕಿದೆ.

ಮರುದಿನ ಕಚೇರಿಗೆ ಹೋದಾಗ ವಕೀಲ ಪಾಟೀಲರು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದರು. ಇದಕ್ಕಿಂತ ಚೆಂದದ ಮಾಫಿ ತಮಗೂ ಬರೆಯಲು ಬರುವುದಿಲ್ಲ ಎಂದರು. ಅವರು ಹೋದಮೇಲೆ ದೇಸಾಯರ ಮುಂದೆ ನಿಂತೆ.

"ವಾದಾ ಸೋತಿ."

"ಹೌದ್ರಿ. ಜಾಹೀರಾತು ಯಾವಾಗ ಹಾಕ್ತೀರಿ?"

"ಯಾಕ ಹಾಕ್ಲಿ? ಬಿದ್ದಾವ ಯಾರು ಅನ್ನೂದು ಮೊದಲ ಸಲ ನಿನ್ನ ವರದ್ಯಾಗ ಓದಿದೆ. ನೀನs ಬಿದ್ದಿದ್ದಿ, ಆ ಮಾತ ಬ್ಯಾರೆ. ಹೋಗು, ಸಿಂದಗಿ ಸಂತಿ ಐತಿ ಇವತ್ತು."

ಇಲ್ಲಿಗೆ ಮುಗಿಸಿದ್ದರೆ ನೀತಿಕಥೆಯಾಗುತ್ತಿತ್ತು. ಆಗಲಿಲ್ಲ. ಒಂದಿಷ್ಟು ದಿನದ ಮೇಲೆ ಝಳಕಿಯಲ್ಲಿ ಬಸ್ಸಿನಿಂದ ಇಳಿದೆ. ರಸ್ತೆ ಬದಿಯ ಚಹಾದಂಗಡಿಯಲ್ಲಿ ಸಿದರಾಯರು ಕೂತಿದ್ದರು. ಕಂಡದ್ದೇ ತಡ ಬೈಗುಳ ಶುರು.

"ಬಾರೋ ಬಾ. ಹೊತ್ತು ಮುಳುಗೂದ ಕಾಯ್ತಿದ್ನಂತ ನಾನು! ಯಾವ ಕಣ್ಣಿಲೆ ನೋಡಿದಿ?"

"ಎರಡೂ ಕಣ್ಣಿಲೆ ನೋಡೇನ್ರಿ. ಪಶ್ಚಿಮಕ್ಕ ನೋಡಿದ್ರಿಲ್ಲೋ?"

"ನೋಡೇನಿ. ಬಸ್ ಸ್ಟ್ಯಾಂಡ್ ಯಾವ ದಿಕ್ಕಿಗೈತಿ?"

"ಪಶ್ಚಿಮಕ್ಕರಿ."

"ಕಡೀ ಬಸ್ಸ ಬಿಟ್ಟು ಹೋದರ ನಮ್ಮ ಎಮ್ಮಿ ಯಾರು ಹಿಂಡ್ತಾರ, ನಿಮ್ಮ ಸಂಪಾದಕರೇನು? ನಿನಗ ಮೊದಲs ಹೇಳಿದ್ದೆ ಇಲ್ಲೋ? ಬಸ್ಸಂತೂ ಹೋತು. ಆ ರಾತ್ರಿ ಚಕ್ಕಡಿ ಹತ್ತಿ ಹೋಗಿ ಭೀಮಶ್ಯಾನ ಮನ್ಯಾಗ ವಸ್ತಿ ಮಾಡಿದೆ. ಆ ಎಮ್ಮಿ ಎರಡ ದಿನಾ ಕಾಲ ಝಾಡಿಸಿದಳು ನನಗ."

ದಿನವೂ ಆ ಬಸ್ಸಿನ ಹಾರನ್ನಿಗೆ ಕಿವಿಕೊಟ್ಟು ಬದುಕಿದವನು ನಾನು. ಆ ದಿನ ಆ ದಿಕ್ಕಿನಲ್ಲಿ ನನಗೆ ಕಂಡದ್ದು ಸೂರ್ಯನೊಬ್ಬನೇ.

"ಹಂಗಾರ ಹಿಂದಿನ ಕುಸ್ತ್ಯಾಗ?" ಎಂದೆ, ಬಿಡದೆ. "ಆಗ ಬಸ್ ಇರಲಿಲ್ಲಲ್ಲ. ಆಗ ಇಬ್ಬರಾಗ ಯಾರು ಹೊತ್ತು ನೋಡತಿದ್ರಿ?"

ಅವರು ಸಾಸರಿಗೆ ಚಹಾ ಸುರಿದು ಊದಿದರು. "ಭೀಮಶ್ಯಾ ಕುತ್ತಿಗಿ ಹಿಡದ ಅಂದ್ರ ಸೂರ್ಯ ಒತ್ತಟ್ಟಿಗಿರ್ಲಿ, ಮುಗಲs ಕಾಣತಿದ್ದಿಲ್ಲೋ ತಮ್ಮಾ. ಅವಗೂ ಅಷ್ಟ."

ಎಮ್ಮೆಯ ವಿಷಯ ಸಮೇತ ತಿದ್ದುಪಡಿ ಬರೆದೆ. ದೇಸಾಯರು ಹಣೆ ಹಿಡಿದುಕೊಂಡೇ ಅಚ್ಚು ಹಾಕಿದರು. ಬಾಗೇವಾಡಿಯಲ್ಲಿ ಭೀಮಶಿಯವರ ಹೆಸರಿನ ಮೊದಲ ಅಕ್ಷರಕ್ಕೆ ಗೆರೆ ಎಳೆದಿದ್ದ ಕಲ್ಲುಕುಟಿಗ ಮತ್ತೆ ಉಳಿ ಕೆಳಗಿಟ್ಟ. ಅರ್ಧ ಕಮಿಟಿ ಝಳಕಿಯ ಕಡೆ ವಾಲಿತು. ಭೀಮಶಿಯವರು ತಿದ್ದುಪಡಿ ಓದಿಸಿಕೊಂಡು ಕೇಳಿದರಂತೆ: "ಗೊಳಸಂಗಿಗೂ ಅದs ಹೊತ್ತಿಗೆ ಕಡೀ ಬಸ್ ಇತ್ತಲ್ಲೋ. ನಾ ನೋಡಿದ್ನೇನು?"

ಇದಕ್ಕೆ, ಅವರಿಗೆ ಎಮ್ಮೆ ಇರಲಿಲ್ಲ ಎನ್ನಬಹುದು; ಆದರೆ ಅದು ವಾದವಾಗುವುದಿಲ್ಲ, ಮೊಂಡುತನವಾಗುತ್ತದೆ.

ತಾಲೀಮಿನ ಬಾಗಿಲ ಮೇಲೆ ಆ ಕಲ್ಲು ಇನ್ನೂ ಇದೆ. 'ಸರ್ವಕಾಲದ ಶ್ರೇಷ್ಠ ಪೈಲ್ವಾನ' ಎಂದು ಕೆತ್ತಿದೆ. ಅದರ ಕೆಳಗೆ ಒಂದು ಹೆಸರಿಗಾಗುವಷ್ಟು ಜಾಗ ಖಾಲಿ. ಕುಸ್ತಿ ಅಭ್ಯಾಸ ಮಾಡುವ ಹುಡುಗರು ಒಳಹೋಗುವಾಗ ಆ ಖಾಲಿ ಜಾಗಕ್ಕೇ ಕೈ ಮುಟ್ಟಿಸಿ ಹೋಗುತ್ತಾರೆ. ಅಲ್ಲಿ ತಮ್ಮ ಹೆಸರು ಬರುತ್ತದೆಂದು ಪ್ರತಿಯೊಬ್ಬನೂ ತಿಳಿದಂತಿದೆ. ಎದುರಿನ ಕಟ್ಟೆಯ ಮೇಲೆ ಜಗಳ ಇನ್ನೂ ನಡೆದಿದೆ. ಆ ಕಡೆ ಹೋದಾಗ ನಾನೂ ಕೂರುತ್ತೇನೆ, ಯಾವ ಕಡೆಯವರು ಕಡಿಮೆ ಇರುತ್ತಾರೋ ಆ ಕಡೆಗೆ.

ಹೊಸ ಹುಡುಗರೇ, ನಿಮಗೆ ಈಗ ಬಸ್ಸಿನ ಹಂಗಿಲ್ಲ. ನಿಂತಲ್ಲಿಂದಲೇ ಸುದ್ದಿ ಹೋಗುತ್ತದೆ. ಆದರೂ ಒಂದು ಮಾತು. ಸೂರ್ಯನ ಮೇಲೆ ಆರೋಪ ಹೊರಿಸುವ ಮೊದಲು, ಆ ದಿಕ್ಕಿನಲ್ಲಿ ಬಸ್ ಸ್ಟ್ಯಾಂಡು ಏನಾದರೂ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.